ರೆಸ್ಲಿಂಗ್ ಸುಳ್ಳು, ಬೇಸ್‌ಬಾಲ್ ನಿಜ: ಮಗನಿಗೆ ಯಾವುದನ್ನು ಬಿಡಿಸಲಿ?

ಪ್ರಶ್ನೆ: ನಾನು ಮೈಸೂರಿನವನು. ಹದಿನಾರು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಕೇಬಲ್ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ರೆಸ್ಲಿಂಗ್ ನೋಡಿಕೊಂಡು, ರೆಸ್ಲರ್‌ಗಳ ಚಿತ್ರವಿದ್ದ ಟ್ರಂಪ್ ಕಾರ್ಡ್ ಆಡಿಕೊಂಡು ಬೆಳೆದವನು. ಇಲ್ಲಿಗೆ ಬಂದ ಮೇಲೆ ಬೇಸ್‌ಬಾಲ್ ಹಿಡಿಸಿತು. ಈಗ ನನ್ನ 12 ವರ್ಷದ ಮಗನಿಗೆ ಎರಡರ ಹುಚ್ಚೂ ಇದೆ. ಬೇಸ್‌ಬಾಲ್ ತಂಡದ ಮುಖ್ಯ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಅವನೇ.

ಹೋದ ತಿಂಗಳು ಗೆಳೆಯರು ಮನೆಗೆ ಬಂದಿದ್ದಾಗ ನೆಲಮಾಳಿಗೆಯಲ್ಲಿ ಹಾಸಿಗೆ ಹಾಸಿಕೊಂಡು ರೆಸ್ಲಿಂಗ್ ಆಡಿದ್ದಾರೆ. ಒಬ್ಬ ಹುಡುಗ ಇವನನ್ನು ಎತ್ತಿ ತನ್ನ ತಲೆಯ ಮೇಲಿಂದ ಹಿಂದಕ್ಕೆ ಎಸೆದ. ಎರಡು ದಿನ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಅವತ್ತಿನಿಂದ ಮನೆಯಲ್ಲಿ ರೆಸ್ಲಿಂಗ್ ನೋಡುವುದನ್ನೇ ನಿಲ್ಲಿಸಿದ್ದೇವೆ. 'ಅದೆಲ್ಲ ಸುಳ್ಳು ಕಣೋ, ಕೆಳಗೆ ಸ್ಪ್ರಿಂಗ್ ಇರುತ್ತೆ, ಅವರಿಗೆ ಏನೂ ಆಗಲ್ಲ. ಬೇಸ್‌ಬಾಲ್ ನಿಜವಾದ ಆಟ, ಯಾರೂ ಯಾರನ್ನೂ ಮುಟ್ಟಲ್ಲ, ಅದನ್ನು ಆಡು' ಅಂದೆ. ನಮ್ಮ ತಂದೆ ಚಿಕ್ಕಂದಿನಲ್ಲಿ ಗರಡಿಯಲ್ಲಿ ಮಣ್ಣು ಮುಟ್ಟಿದವರು. ಅವರೂ 'ಅದು ಕುಸ್ತಿಯೇ ಅಲ್ಲ' ಅಂತಾರೆ.

ಇನ್ನೊಂದು ವಿಷಯ. ಮೂರು ವಾರದಿಂದ, ಪಿಚಿಂಗ್ ಮಾಡಿದ ಮೇಲೆ ಮೊಣಕೈ ಒಳಬದಿ ನೋಯುತ್ತದೆ ಅಂತಾನೆ. ಕೋಚ್ 'ಬೆಳೆಯುವ ನೋವು, ಐಸ್ ಇಡಿ' ಅಂದರು. ನಾವೂ ಚಿಕ್ಕಂದಿನಲ್ಲಿ ದಿನವಿಡೀ ಬೌಲಿಂಗ್ ಮಾಡಿದವರೇ, ಏನಾಯಿತು? ಮಗ ಕೇಳುವುದು ಎರಡು: ರೆಸ್ಲಿಂಗ್ ಮತ್ತೆ ಯಾವಾಗ ನೋಡಬಹುದು? ನೋವು ಹೋಗುವವರೆಗೆ ಎಡಗೈಯಲ್ಲಿ ಎಸೆಯಲಾ?

ಉತ್ತರ: ಮೊದಲು ಮೊಣಕೈ. ಇದನ್ನು ಓದಿದ ಗಳಿಗೆಯಿಂದ ನಿಮ್ಮ ಮಗ ಬಲಗೈಯಲ್ಲಿ ಚೆಂಡು ಎಸೆಯಬಾರದು. ಪಂದ್ಯದಲ್ಲೂ ಬೇಡ, ಅಭ್ಯಾಸದಲ್ಲೂ ಬೇಡ, ಹಿತ್ತಲಲ್ಲಿ ನಿಮ್ಮ ಜೊತೆ ಸುಮ್ನೆ ಕ್ಯಾಚ್ ಆಡುವುದೂ ಬೇಡ. ಈ ವಾರವೇ ಮಕ್ಕಳ ಮೂಳೆ ಡಾಕ್ಟರನ್ನೋ ಕ್ರೀಡಾ ವೈದ್ಯರನ್ನೋ ಕಾಣಿ. ಎರಡೂ ಮೊಣಕೈಗಳ ಎಕ್ಸ್‌ರೇ ತೆಗೆಸಲು ಹೇಳಬಹುದು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದರೆ ಮಕ್ಕಳಲ್ಲಿ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ದಿನದ ಕುತ್ತಿಗೆ ನೋವಿಗೆ ಇಡೀ ಮನೆಯ ಕಟ್ಟಳೆ ಬದಲಾಯಿಸಿದ್ದೀರಿ. ಮೂರು ವಾರದ ಮೊಣಕೈ ನೋವು 'ಇನ್ನೊಂದು ವಿಷಯ' ಅಂತ ಕೊನೆಗೆ ಬಂದಿದೆ. ಇದು ನಿಮ್ಮೊಬ್ಬರ ಕಥೆಯಲ್ಲ. ನನ್ನ ಬಳಿ ಬರುವ ಹತ್ತು ತಂದೆತಾಯಿಯರಲ್ಲಿ ಒಂಬತ್ತು ಜನ ಹೀಗೇ ಹೇಳುತ್ತಾರೆ. ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಸದ್ದಾಗುತ್ತದೆ, ಎದೆ ಧಸಕ್ ಅನ್ನುತ್ತದೆ. ಎಸೆದು ಎಸೆದು ಸವೆಯುವುದು ಕಾಣುವುದೇ ಇಲ್ಲ.

ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಕ್ರೀಡಾ ಫಿಸಿಯೋಥೆರಪಿ ಮಾಡಿಕೊಂಡು ಬಂದವಳು. ಜಾಸ್ತಿ ಬರುವುದು ಶಾಲಾ ಮಕ್ಕಳು, ಅದರಲ್ಲೂ ಪಿಚರ್‌ಗಳು. ಕೆಲವು ವರ್ಷ ಸಣ್ಣಪುಟ್ಟ ರೆಸ್ಲಿಂಗ್ ತಂಡಗಳ ಹುಡುಗ ಹುಡುಗಿಯರನ್ನೂ ನೋಡಿದ್ದೇನೆ. ಅಣ್ಣಂದಿರ ನಡುವೆ ಕೂತು ಡಬ್ಲ್ಯುಡಬ್ಲ್ಯುಎಫ್ ನೋಡಿದ ಬಾಲ್ಯ ನನ್ನದೂ ಹೌದು. ಹಾಗಾಗಿ ಎರಡೂ ಕಡೆಯ ಪ್ರೀತಿ ನನಗೆ ಅರ್ಥವಾಗುತ್ತದೆ.

'ಬೆಳೆಯುವ ನೋವು' ಅನ್ನುವ ಮಾತನ್ನು ಮೊದಲು ಬಿಡಿಸೋಣ. ಬೆಳೆಯುವ ನೋವು ಅಂತ ನಾವು ಕರೆಯುವುದು ಸಾಮಾನ್ಯವಾಗಿ ಕಾಲಲ್ಲಿ, ಎರಡೂ ಕಾಲಲ್ಲಿ, ಸಂಜೆ ಅಥವಾ ರಾತ್ರಿ ಬರುತ್ತದೆ. ಬೆಳಿಗ್ಗೆ ಮಗು ಕುಣಿದಾಡುತ್ತಿರುತ್ತದೆ. ಎಸೆಯುವ ಕೈಯ ಮೊಣಕೈ ಒಳಬದಿಯಲ್ಲಿ ಮಾತ್ರ, ಎಸೆದ ಮೇಲೆ ಮಾತ್ರ ಬರುವ ನೋವು ಆ ಜಾತಿಯದಲ್ಲ.

ನಿಮ್ಮ ಮೊಣಕೈಯನ್ನೇ ಮುಟ್ಟಿ ನೋಡಿಕೊಳ್ಳಿ. ಅಂಗೈ ಮೇಲೆ ಮಾಡಿ ಕೈ ಚಾಚಿದರೆ ಒಳಬದಿಗೆ ಒಂದು ಮೂಳೆಯ ಗುಬುಟು ಸಿಗುತ್ತದೆ. ಮುಂಗೈ ಮಡಚುವ ಸ್ನಾಯುಗಳು, ಮೊಣಕೈಯನ್ನು ಒಳಗಿನಿಂದ ಹಿಡಿದಿಡುವ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರು), ಎಲ್ಲ ಅಂಟಿಕೊಂಡಿರುವುದು ಅಲ್ಲಿಗೇ. ನಿಮ್ಮ ವಯಸ್ಸಿನಲ್ಲಿ ಆ ಗುಬುಟು ಗಟ್ಟಿ ಮೂಳೆ. 12ರ ಹುಡುಗನಲ್ಲಿ ಹಾಗಲ್ಲ. ಗುಬುಟಿಗೂ ಉಳಿದ ಮೂಳೆಗೂ ನಡುವೆ ಬೆಳವಣಿಗೆಯ ಮೆತ್ತನೆಯ ಪದರ ಇರುತ್ತದೆ. ಅದಕ್ಕೆ ಗ್ರೋತ್ ಪ್ಲೇಟ್ ಅನ್ನುತ್ತಾರೆ. ಹಸಿ ಗೋಡೆಗೆ ಮೊಳೆ ಹೊಡೆದು, ಅದಕ್ಕೆ ಹಗ್ಗ ಕಟ್ಟಿ ಎಳೆದರೆ ಹಗ್ಗ ಹರಿಯುವುದಿಲ್ಲ, ಮೊಳೆಯೇ ಕಿತ್ತು ಬರುತ್ತದೆ ಅಲ್ವಾ? ಹಾಗೇ ಇದು. ದೊಡ್ಡವರಲ್ಲಿ ಹರಿಯುವುದು ಲಿಗಮೆಂಟ್. ಮಕ್ಕಳಲ್ಲಿ ಸಡಿಲವಾಗುವುದು ಈ ಪದರ. ಇದಕ್ಕೆ ಇಲ್ಲಿ 'ಲಿಟ್ಲ್ ಲೀಗ್ ಎಲ್ಬೊ' ಅಂತಲೇ ಹೆಸರು ಬಿದ್ದಿದೆ. ನಿಮ್ಮ ಮಗನಿಗೆ ಇದೇ ಆಗಿದೆ ಅಂತ ಪತ್ರ ನೋಡಿ ನಾನು ಹೇಳಲಾರೆ. ಆದರೆ ಇದು ಅಲ್ಲ ಅಂತ ಡಾಕ್ಟರು ಹೇಳುವವರೆಗೆ ಇದೇ ಅಂತ ನಡೆದುಕೊಳ್ಳಿ.

ನೀವು ಗಲ್ಲಿಯಲ್ಲಿ ದಿನವಿಡೀ ಬೌಲ್ ಮಾಡಿದ್ದೀರಿ, ನಿಜ. ಆದರೆ ಅದು ಬೇರೆ ಕೆಲಸ. ಕ್ರಿಕೆಟ್‌ನಲ್ಲಿ ಬೌಲರ್ ತೋಳನ್ನು ಚಾಚಿಕೊಂಡೇ ತಿರುಗಿಸಬೇಕು. ಮಡಚಿದ್ದ ಮೊಣಕೈ ಎಸೆಯುವಾಗ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾದರೆ ಅದು ನಿಯಮಕ್ಕೇ ವಿರುದ್ಧ. ಹಾಗಾಗಿ ವೇಗದ ಬೌಲರ್‌ಗಳಿಗೆ ಪೆಟ್ಟು ಬೀಳುವುದು ಜಾಸ್ತಿ ಸೊಂಟಕ್ಕೆ. ಪಿಚರ್ ಮಾಡುವುದು ತದ್ವಿರುದ್ಧ. ಮೊಣಕೈ ಮಡಚಿ, ಮುಂಗೈಯನ್ನು ಹಿಂದಕ್ಕೆ ಬಾಗಿಸಿ, ಅಲ್ಲಿಂದ ಚಾಟಿಯ ಹಾಗೆ ಬೀಸುತ್ತಾನೆ. ವೃತ್ತಿಪರ ಪಿಚರ್‌ನ ಭುಜ ಆ ಗಳಿಗೆಯಲ್ಲಿ ಸೆಕೆಂಡಿಗೆ ಸುಮಾರು 7000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಮನುಷ್ಯನ ದೇಹ ಮಾಡುವ ಅತಿ ವೇಗದ ಚಲನೆಗಳಲ್ಲಿ ಇದೊಂದು. ಆಗ ಮೊಣಕೈ ಒಳಬದಿ ಬಾಯಿ ಬಿಡಲು ನೋಡುತ್ತದೆ. ಅದನ್ನು ಬಿಗಿಹಿಡಿಯುವುದು ಆ ಗುಬುಟಿಗೆ ಕಟ್ಟಿದ ನಾರುಗಳು. ಒಂದು ಸಲ ಎಸೆದರೆ ಏನೂ ಆಗುವುದಿಲ್ಲ. ಎಪ್ಪತ್ತು, ಎಂಬತ್ತು, ತೊಂಬತ್ತು ಸಲ, ವಾರಕ್ಕೆ ಮೂರು ದಿನ ಎಸೆದರೆ ಆಗುತ್ತದೆ. ಮತ್ತೆ ನೀವು ಗಲ್ಲಿಯಲ್ಲಿ ಎಸೆದದ್ದು ಬಹುಶಃ ಟೆನಿಸ್ ಬಾಲ್. ಬೇಸ್‌ಬಾಲ್ ಅದರ ಎರಡೂವರೆ ಪಟ್ಟು ತೂಕ.

ಒಬ್ಬ ಹುಡುಗ ನನಗೆ ಮರೆಯುವುದಿಲ್ಲ. 13 ವರ್ಷ. ಅಮ್ಮನ ಜೊತೆ ಬಂದಿದ್ದ. ನೋವಿದೆಯಾ ಅಂದರೆ ಇಲ್ಲ ಅಂದ. ಶನಿವಾರ ಟೂರ್ನಮೆಂಟ್ ಇತ್ತು. ಎರಡೂ ಕೈ ಮುಂದೆ ಚಾಚು ಅಂದೆ. ಎಡಗೈ ನೆಟ್ಟಗಾಯಿತು. ಬಲಗೈ ಒಂದು ಬೆರಳಿನಷ್ಟು ಬಾಗಿಯೇ ನಿಂತಿತು. ಅವನು ಭುಜ ಮುಂದೆ ತಳ್ಳಿ ಅದನ್ನು ಮುಚ್ಚಲು ನೋಡಿದ. ಒಳಬದಿಯ ಗುಬುಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲೆ ಅಮ್ಮ ಹೇಳಿದರು, ಒಂದು ವಾರದಿಂದ ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದಾನೆ, ಏನೋ ಹೊಸ ಆಟ ಅಂದುಕೊಂಡಿದ್ದೆ ಅಂತ.

ಅಲ್ಲೇ ಕೂತು ಅವರ ಫೋನಿನ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದೆವು. ಶಾಲೆಯ ತಂಡ ಒಂದು. ವಾರಾಂತ್ಯಕ್ಕೆ ಊರೂರು ಸುತ್ತುವ ಟ್ರಾವೆಲ್ ತಂಡ ಒಂದು. ಬುಧವಾರ ಖಾಸಗಿ ಪಿಚಿಂಗ್ ಪಾಠ. ಮೂವರು ಕೋಚ್‌ಗಳೂ ತಮ್ಮ ತಮ್ಮ ಲೆಕ್ಕ ಸರಿಯಾಗಿಯೇ ಇಟ್ಟಿದ್ದರು. ಮೂರನ್ನೂ ಕೂಡಿಸಿದವರು ಯಾರೂ ಇರಲಿಲ್ಲ. ನಾನು ನೋಡಿದ ಹಾಳಾದ ಮೊಣಕೈಗಳಲ್ಲಿ ಮುಕ್ಕಾಲು ಪಾಲು ಈ ಕೂಡಿಸದ ಲೆಕ್ಕದಿಂದ ಹಾಳಾದದ್ದು.

ಲೆಕ್ಕಕ್ಕೆ ಅಳತೆಗೋಲು ಇದೆ. ಇಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ 2014ರಲ್ಲಿ 'ಪಿಚ್ ಸ್ಮಾರ್ಟ್' ಅಂತ ಮಾರ್ಗಸೂಚಿ ತಂದರು. 11–12 ವರ್ಷದವರಿಗೆ ಒಂದು ದಿನಕ್ಕೆ 85 ಪಿಚ್ (ಬ್ಯಾಟರ್‌ಗೆ ಎಸೆಯುವ ಒಂದೊಂದು ಎಸೆತ) ಮೇಲ್ಮಿತಿ. 66 ಅಥವಾ ಅದಕ್ಕಿಂತ ಜಾಸ್ತಿ ಎಸೆದರೆ ನಾಲ್ಕು ದಿನ ಬಿಡುವು. 51ರಿಂದ 65ಕ್ಕೆ ಮೂರು ದಿನ, 36ರಿಂದ 50ಕ್ಕೆ ಎರಡು ದಿನ, 21ರಿಂದ 35ಕ್ಕೆ ಒಂದು ದಿನ. ವರ್ಷಕ್ಕೆ ಎಲ್ಲ ತಂಡಗಳೂ ಸೇರಿ 80 ಇನಿಂಗ್ಸ್ ದಾಟಬಾರದು (ಎದುರಾಳಿಯ ಮೂವರು ಔಟಾದರೆ ಪಿಚರ್‌ಗೆ ಒಂದು ಇನಿಂಗ್ಸ್). ವರ್ಷದಲ್ಲಿ ನಾಲ್ಕು ತಿಂಗಳು ಎಸೆತವೇ ಬೇಡ, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ ಬರಬೇಕು. ಪಿಚ್ ಮಾಡಿದ ದಿನವೇ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಆಗಿಯೂ ನಿಲ್ಲಬಾರದು, ಏಕೆಂದರೆ ಕ್ಯಾಚರ್ ಕೂಡ ಪ್ರತಿ ಸಲ ಚೆಂಡನ್ನು ವಾಪಸ್ ಎಸೆಯುತ್ತಲೇ ಇರುತ್ತಾನೆ. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ. ದಿನಾಂಕ, ಎಷ್ಟು ಪಿಚ್, ಯಾವ ತಂಡ. ಅದನ್ನು ಬರೆಯುವವರು ಮನೆಯವರೇ ಆಗಬೇಕು. ಕೋಚ್‌ಗೆ ತನ್ನ ಮೈದಾನ ಮಾತ್ರ ಕಾಣುತ್ತದೆ.

ಈ ಅಂಕಿಗಳು ಸುಮ್ನೆ ಹುಟ್ಟಿದವಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನವರು ಬಾಲ ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರು. ವರ್ಷಕ್ಕೆ 100 ಇನಿಂಗ್ಸ್‌ಗಿಂತ ಜಾಸ್ತಿ ಎಸೆದವರಿಗೆ ದೊಡ್ಡ ಗಾಯವಾಗುವ ಸಂಭವ ಮೂರೂವರೆ ಪಟ್ಟು ಇತ್ತು. ಅವರದೇ ಇನ್ನೊಂದು ಅಧ್ಯಯನ ನನ್ನನ್ನು ಜಾಸ್ತಿ ಹೆದರಿಸಿದ್ದು. ಕೈ ದಣಿದಿದ್ದರೂ ಮತ್ತೆ ಮತ್ತೆ ಎಸೆಯುತ್ತಿದ್ದ ಹುಡುಗರು ಆಪರೇಷನ್‌ಗೆ ಹೋಗುವ ಸಂಭವ 36 ಪಟ್ಟು. ಕರ್ವ್‌ಬಾಲ್ (ತಿರುಗಿ ಬಾಗುವ ಎಸೆತ) ಎಸೆದರೆ ಮಾತ್ರ ಮೊಣಕೈ ಹೋಗುತ್ತದೆ, ಫಾಸ್ಟ್‌ಬಾಲ್ ಎಷ್ಟು ಎಸೆದರೂ ಪರವಾಗಿಲ್ಲ ಅಂತ ಮೈದಾನದಲ್ಲಿ ಅಪ್ಪಂದಿರು ಹೇಳುವುದನ್ನು ಕೇಳಿರುತ್ತೀರಿ. ಸಂಖ್ಯೆ ಮತ್ತು ದಣಿವು, ಇವೆರಡರ ಮುಂದೆ ಎಸೆತದ ಬಗೆ ಅಷ್ಟು ದೊಡ್ಡ ವಿಷಯವಲ್ಲ. ವೇಗದ ಹುಚ್ಚು ಮಾತ್ರ ದೊಡ್ಡ ವಿಷಯ. ಮೇಜರ್ ಲೀಗ್‌ನವರೇ 2024ರ ಡಿಸೆಂಬರ್‌ನಲ್ಲಿ ಪಿಚರ್‌ಗಳ ಗಾಯದ ಬಗ್ಗೆ ವರದಿ ತಂದಾಗ, ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವ ಈ ಓಟವನ್ನೇ ಬೊಟ್ಟು ಮಾಡಿದರು. ಹನ್ನೆರಡರ ಹುಡುಗನ ಮುಂದೆ ವೇಗ ಅಳೆಯುವ ರಾಡಾರ್ ಗನ್ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ನಿಮ್ಮ ಕಿವಿಗೂ ಬೀಳಬಹುದು: 'ಹರಿದರೆ ಹರಿಯಲಿ, ಟಾಮಿ ಜಾನ್ ಆಪರೇಷನ್ ಮಾಡಿಸಿದರೆ ಮೊದಲಿಗಿಂತ ವೇಗ ಬರುತ್ತೆ.' 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ಎಡಗೈ ಪಿಚರ್ ಟಾಮಿ ಜಾನ್‌ಗೆ ಮೊದಲ ಬಾರಿ ಇದನ್ನು ಮಾಡಿದರು. ಇನ್ನೊಂದು ಕೈಯಿಂದ ಒಂದು ತೆಳು ಸ್ನಾಯುರಜ್ಜು ತೆಗೆದು, ಹರಿದ ಲಿಗಮೆಂಟ್ ಜಾಗದಲ್ಲಿ ಮೊಣಕೈಗೆ ಹೆಣೆದರು. ಆತ 1976ರಲ್ಲಿ ಮೈದಾನಕ್ಕೆ ಮರಳಿ, ಆಮೇಲೆ 164 ಪಂದ್ಯ ಗೆದ್ದು, 1989ರವರೆಗೆ ಆಡಿದ. ದೊಡ್ಡ ಸಾಧನೆಯೇ. ಆದರೆ ಮರಳಿ ಬರಲು 12ರಿಂದ 18 ತಿಂಗಳು ಬೇಕು, ಎಲ್ಲರೂ ಮರಳುವುದಿಲ್ಲ, ಮರಳಿದವರಲ್ಲೂ ಮತ್ತೆ ಆಪರೇಷನ್ ಆದವರಿದ್ದಾರೆ. ಜಪಾನಿನ ತಾರಾ ಪಿಚರ್ ಶೋಹೇ ಒಹ್ತಾನಿಗೆ 2018ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಮೊಣಕೈ ಆಪರೇಷನ್ ಆಯಿತು. ವೇಗ ಕೊಡುವುದು ಆಪರೇಷನ್ ಅಲ್ಲ. ಆ ಒಂದು ವರ್ಷ ಅವರು ಕಾಲು, ಸೊಂಟ, ಭುಜಕ್ಕೆ ಮಾಡುವ ವ್ಯಾಯಾಮ. ಅದನ್ನು ಮೊಣಕೈ ಹರಿಯದೆಯೂ ಮಾಡಬಹುದಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಗ್ರೋತ್ ಪ್ಲೇಟ್ ತೊಂದರೆ ಅಂತಾದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಪೂರ್ತಿ ವಿರಾಮ, ಆಮೇಲೆ ಹಂತ ಹಂತವಾಗಿ ಎಸೆತ. ಅಂದರೆ ಈ ಸೀಸನ್ ಬಹುಪಾಲು ಹೋಯಿತು. ಮಗ ಅಳುತ್ತಾನೆ, ತಂಡದಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ಬರಬಹುದು. ಅದು ಸಣ್ಣ ನಷ್ಟ ಅಂತ ನಾನು ಹೇಳುವುದಿಲ್ಲ, 12ರ ಹುಡುಗನಿಗೆ ಅದೇ ಜಗತ್ತು. ಎರಡನೆಯದು, ಪಿಚಿಂಗ್ ಬಿಡಿಸಿ ಫಸ್ಟ್ ಬೇಸ್‌ನಲ್ಲಿ (ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಗುರುತಿನ ಬಳಿ) ನಿಲ್ಲಿಸುವುದು. ಅಲ್ಲಿ ಎಸೆಯುವುದು ಕಮ್ಮಿ. ಆದರೆ ನೋವು ಪೂರ್ತಿ ಹೋಗುವ ಮುಂಚೆ ಇದನ್ನು ಮಾಡಿದರೆ, ಪಂದ್ಯದ ಬಿಸಿಯಲ್ಲಿ ಹುಡುಗ ಎಸೆದೇ ಎಸೆಯುತ್ತಾನೆ. ಬ್ಯಾಟಿಂಗ್‌ಗೆ ನೋವಿಲ್ಲದಿದ್ದರೆ ಡಾಕ್ಟರು ಬಿಡಬಹುದು, ಕೇಳಿ. ಮೂರನೆಯದನ್ನು ಹೇಳುತ್ತಿರುವುದು, ಅದನ್ನು ಮಾಡುವವರು ಇದ್ದಾರೆ ಅಂತ: ಪಂದ್ಯಕ್ಕೆ ಮುಂಚೆ ನೋವಿನ ಮಾತ್ರೆ ಕೊಟ್ಟು ಇಳಿಸುವುದು. ನೋವು ಅವನಿಗೆ ಹೇಳುತ್ತಿದ್ದ ಮಾತನ್ನು ನೀವು ಬಾಯಿ ಮುಚ್ಚಿಸುತ್ತೀರಿ. ಒಂದು ಎಸೆತಕ್ಕೆ 'ಟಕ್' ಅಂತ ಸದ್ದಾಗಿ ಆ ಗುಬುಟೇ ಕಿತ್ತು ಬಂದರೆ ಆಮೇಲೆ ಸ್ಕ್ರೂ ಹಾಕುವ ಮಾತು. ಐಸ್ ಇಡುವುದರಿಂದ ಊತ, ನೋವು ಕಮ್ಮಿಯಾಗುತ್ತದೆ ಅಷ್ಟೇ. ಪದರ ಅಂಟಿಕೊಳ್ಳಲು ಬೇಕಾದದ್ದು ಬಿಡುವು.

ಇನ್ನು ರೆಸ್ಲಿಂಗ್.

'ಸುಳ್ಳು' ಅನ್ನುವ ಪದವೇ ನಿಮ್ಮ ಮನೆಯಲ್ಲಿ ಅಪಾಯ ತಂದದ್ದು ಅಂತ ನನಗನ್ನಿಸುತ್ತದೆ. ನೀವು ಅವನನ್ನು ರೆಸ್ಲಿಂಗ್‌ನಿಂದ ದೂರ ಇಡಲು ಆ ಮಾತು ಹೇಳಿದಿರಿ. 12ರ ಹುಡುಗನಿಗೆ ಕೇಳಿಸುವುದು ಬೇರೆ: ಅವರಿಗೆ ಏನೂ ಆಗಲ್ಲ, ಹಾಗಾದರೆ ನಮಗೂ ಏನೂ ಆಗಲ್ಲ.

ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿರುತ್ತಾರೆ, ಅದು ನಿಜ. ಅದು ಗುಟ್ಟೂ ಅಲ್ಲ. ನಿಮ್ಮ ರಾಜ್ಯದಲ್ಲೇ, 1989ರಲ್ಲಿ, ಆಗಿನ ಡಬ್ಲ್ಯುಡಬ್ಲ್ಯುಎಫ್‌ನವರು ನ್ಯೂಜೆರ್ಸಿ ಸೆನೆಟ್ ಮುಂದೆ ತಾವೇ ಒಪ್ಪಿಕೊಂಡರು: ನಮ್ಮದು ಸ್ಪರ್ಧೆಯಲ್ಲ, ಮನರಂಜನೆ. ಹಾಗೆ ಒಪ್ಪಿಕೊಂಡದ್ದು ಬಾಕ್ಸಿಂಗ್‌ಗೆ ಇರುವ ಸರ್ಕಾರಿ ನಿಯಮ, ಶುಲ್ಕಗಳಿಂದ ಪಾರಾಗಲು. ಅಂದರೆ 'ಇದು ನಿಜವಲ್ಲ' ಅಂತ ಬರೆದುಕೊಟ್ಟದ್ದರಿಂದ ಮೈಗೆ ಇದ್ದ ಕಾವಲು ಸಡಿಲವಾಯಿತು. ಬೀಳುವ ಮೈ ಮಾತ್ರ ಮೊದಲಿನಷ್ಟೇ ನಿಜವಾಗಿತ್ತು.

ಒಮ್ಮೆ ಶಾಲೆಯ ಜಿಮ್‌ನಲ್ಲಿ ನಡೆದ ಸಣ್ಣ ಪ್ರದರ್ಶನಕ್ಕೆ ನಾನು ನೆರವಿಗೆ ಹೋಗಿದ್ದೆ. ಪ್ರೇಕ್ಷಕರು ಬರುವ ಮುಂಚೆ ರಿಂಗ್ ಕಟ್ಟುವುದನ್ನು ನೋಡಿದೆ. ಉಕ್ಕಿನ ತೊಲೆಗಳು. ಅದರ ಮೇಲೆ ಮರದ ಹಲಗೆಗಳು, ಒಂದರ ಪಕ್ಕ ಒಂದು. ಅದರ ಮೇಲೆ ನನ್ನ ಹೆಬ್ಬೆರಳಿನ ದಪ್ಪದ ಫೋಮ್. ಮೇಲೆ ಕ್ಯಾನ್ವಾಸ್ ಬಿಗಿದು ಕಟ್ಟಿದರು. ಕೆಲವು ರಿಂಗ್‌ಗಳಲ್ಲಿ ನಡುವೆ ಸ್ಪ್ರಿಂಗ್ ಇರುತ್ತದೆ, ಹಲಗೆಗಳೂ ಸ್ವಲ್ಪ ಬಾಗುತ್ತವೆ. ಆದರೆ ಕೈಯಿಂದ ಗುದ್ದಿ ನೋಡಿದರೆ ನಮ್ಮ ಹಳ್ಳಿ ಮನೆಯ ಅಟ್ಟವನ್ನು ಗುದ್ದಿದ ಹಾಗೆ ಇತ್ತು. ಪಂದ್ಯ ಮುಗಿದ ಮೇಲೆ ಒಬ್ಬ ಹುಡುಗ ಅಂಗಿ ತೆಗೆದು ಬೆನ್ನು ತೋರಿಸಿದ. ಭುಜದಿಂದ ಸೊಂಟದವರೆಗೆ ಕೆಂಪು. ಎದೆಯ ಮೇಲೆ ಎದುರಾಳಿಯ ಐದೂ ಬೆರಳು ಮೂಡಿದ್ದವು. ಗಾಯಕ್ಕೆ ಐಸ್ ಹಿಡಿದು ಅದೇ ಎದುರಾಳಿ ಪಕ್ಕದಲ್ಲೇ ನಿಂತಿದ್ದ.

ಅವರು ಮೊದಲು ಕಲಿಯುವುದು ಬೀಳುವುದನ್ನು. ಅದಕ್ಕೆ 'ಬಂಪ್' ಅನ್ನುತ್ತಾರೆ. ಗಲ್ಲವನ್ನು ಎದೆಗೆ ಒತ್ತಿ, ಉಸಿರು ಬಿಟ್ಟು, ಬೆನ್ನಿನ ಮೇಲ್ಭಾಗವೆಲ್ಲ ಒಟ್ಟಿಗೆ ನೆಲ ಮುಟ್ಟುವ ಹಾಗೆ, ಎರಡೂ ತೋಳು ಬಡಿದು ಬೀಳಬೇಕು. ಪೆಟ್ಟು ಒಂದೇ ಜಾಗಕ್ಕೆ ಬೀಳದೆ ಹರಡಿಕೊಳ್ಳುತ್ತದೆ. ಇದನ್ನು ಸಾವಿರಾರು ಸಲ ಮಾಡಿದ ಮೇಲೇ ಯಾರನ್ನಾದರೂ ಎತ್ತಲು ಬಿಡುತ್ತಾರೆ. ಎತ್ತುವವನ ಕೆಲಸ ಹೊಡೆಯುವುದಲ್ಲ, ಎದುರಿನವನ ಕುತ್ತಿಗೆ ಕಾಯುವುದು. ನಿಮ್ಮ ನೆಲಮಾಳಿಗೆಯಲ್ಲಿ ಇದ್ದ ಹುಡುಗರಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಗೊತ್ತಿದ್ದವರಿಗೇ ಏನಾಗಿದೆ ನೋಡಿ. 1997ರ ಆಗಸ್ಟ್‌ನಲ್ಲಿ, ನಿಮ್ಮದೇ ರಾಜ್ಯದ ಈಸ್ಟ್ ರುದರ್‌ಫೋರ್ಡ್‌ನಲ್ಲಿ ನಡೆದ ಸಮ್ಮರ್‌ಸ್ಲ್ಯಾಮ್ ರೆಸ್ಲಿಂಗ್ ಪ್ರದರ್ಶನದಲ್ಲಿ, ಓವೆನ್ ಹಾರ್ಟ್ ಹಾಕಿದ ಪೈಲ್‌ಡ್ರೈವರ್‌ನಲ್ಲಿ (ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಕುಕ್ಕುವ ಪಟ್ಟು) ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ತಲೆ ನೆಲಕ್ಕೆ ಬಡಿಯಿತು. ಆ ಕ್ಷಣಕ್ಕೆ ಕೈಕಾಲು ಆಡಲಿಲ್ಲ. ಹೇಗೋ ತೆವಳಿ ಪಂದ್ಯ ಮುಗಿಸಿದ. ಇಬ್ಬರೂ ಆ ಕೆಲಸದಲ್ಲಿ ಪಳಗಿದವರು, ವೈರವಿರಲಿಲ್ಲ, ತಪ್ಪಿದ್ದು ಕೆಲವು ಇಂಚು. 2022ರ ಮಾರ್ಚ್‌ನಲ್ಲಿ ಬಿಗ್ ಇ ಅನ್ನುವ ರೆಸ್ಲರನ್ನು ರಿಂಗ್ ಹೊರಗೆ ತಲೆಯ ಮೇಲಿಂದ ಹಿಂದಕ್ಕೆ ಎಸೆದಾಗ ಅವರು ನೆತ್ತಿಯ ಮೇಲೆ ಬಿದ್ದರು. ಕುತ್ತಿಗೆಯ ಮೂಳೆ ಮುರಿಯಿತು. ನಿಮ್ಮ ಮಗನನ್ನು ಗೆಳೆಯ ಎಸೆದದ್ದೂ ಅದೇ ಜಾತಿಯ ಎಸೆತ.

ನೆತ್ತಿ ಮೊದಲು ನೆಲ ಮುಟ್ಟಿದರೆ ಯಾಕೆ ಅಷ್ಟು ಕೆಟ್ಟದ್ದು ಅಂದರೆ, ಕುತ್ತಿಗೆಗೆ ಸಹಜವಾಗಿ ಒಂದು ಬಾಗು ಇರುತ್ತದೆ. ಬಿಲ್ಲಿನ ಹಾಗೆ ಅದು ಸ್ವಲ್ಪ ಪೆಟ್ಟು ತಾಳುತ್ತದೆ. ತಲೆ ಸ್ವಲ್ಪ ಮುಂದೆ ಬಾಗಿದಾಗ ಆ ಬಾಗು ಹೋಗಿ ಏಳು ಮೂಳೆಗಳೂ ಕಂಬದ ಹಾಗೆ ನೆಟ್ಟಗಾಗುತ್ತವೆ. ಆಗ ಮೇಲಿಂದ ಬರುವ ಇಡೀ ಮೈಭಾರ ಆ ಕಂಬದ ಮೇಲೆ. ಹಾಸಿಗೆ ಇದ್ದರೆ ಇನ್ನೂ ಕಷ್ಟ. ತಲೆ ಅದರಲ್ಲಿ ಹೂತು ನಿಲ್ಲುತ್ತದೆ, ಮೈ ಇನ್ನೂ ಬರುತ್ತಲೇ ಇರುತ್ತದೆ. ಹಾಸಿಗೆ ಹಾಸಿಕೊಂಡಿದ್ದರಲ್ಲ ಅಂತ ಸಮಾಧಾನಪಡಬೇಡಿ.

ಮಗನ ಕುತ್ತಿಗೆ ಎರಡು ದಿನದಲ್ಲಿ ಸರಿಹೋಗಿದ್ದರೆ ಬಹುಶಃ ಸ್ನಾಯು ಹಿಡಿದುಕೊಂಡದ್ದು. ಆದರೂ ಮೊಣಕೈಗೆ ಹೋದಾಗ ಇದನ್ನೂ ಡಾಕ್ಟರಿಗೆ ಹೇಳಿ. ಕೈಗೆ ಜೋಮು, ಬೆರಳಿನ ಹಿಡಿತ ಸಡಿಲ, ಬಿಡದ ತಲೆನೋವು, ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯಬೇಡಿ, ಅವತ್ತೇ ಹೋಗಿ. ಮುಂದೆ ಎಂದಾದರೂ ಯಾವ ಮಗುವಾದರೂ ಹೀಗೆ ಬಿದ್ದು ಕುತ್ತಿಗೆ ನೋವು ಅಂದರೆ ಎಬ್ಬಿಸಿ ಕೂರಿಸಬೇಡಿ. ಇದ್ದ ಹಾಗೇ ಮಲಗಿಸಿ 911ಕ್ಕೆ ಕರೆ ಮಾಡಿ.

ಹಾಗಾದರೆ ಟಿವಿ ಬಂದ್ ಮಾಡಿದ್ದು ಸರಿಯಾ? ನನ್ನ ಅನುಭವದಲ್ಲಿ ಅದು ಅಷ್ಟು ಕೆಲಸ ಮಾಡುವುದಿಲ್ಲ. ಗೆಳೆಯನ ಫೋನಿನಲ್ಲಿ ನೋಡುತ್ತಾನೆ, ನೀವು ಇಲ್ಲದ ಕಡೆ ಆಡುತ್ತಾನೆ. ನನ್ನ ಮನೆಯಾಗಿದ್ದರೆ ನೋಡಲು ಬಿಟ್ಟು, ಪಕ್ಕದಲ್ಲಿ ಕೂರುತ್ತಿದ್ದೆ. 'ಸುಳ್ಳು' ಅನ್ನುವ ಬದಲು, ಅವನು ಹೇಗೆ ಬಿದ್ದ ನೋಡು, ಗಲ್ಲ ಎಲ್ಲಿತ್ತು, ಎತ್ತಿದವನ ಕೈ ಎಲ್ಲಿತ್ತು ಅಂತ ತೋರಿಸುತ್ತಿದ್ದೆ. ಮಾಡಿದವರ ಶ್ರಮ ಕಂಡ ಹುಡುಗ ಅದನ್ನು ನೆಲಮಾಳಿಗೆಯಲ್ಲಿ ಸುಮ್ನೆ ಮಾಡಲು ಹೋಗುವುದು ಕಮ್ಮಿ. ಕಟ್ಟಳೆ ಮಾತ್ರ ಒಂದಿರಲಿ, ಚೌಕಾಸಿ ಇಲ್ಲದ್ದು: ಯಾರೂ ಯಾರನ್ನೂ ನೆಲದಿಂದ ಎತ್ತುವಂತಿಲ್ಲ. ಗೆಳೆಯರ ತಂದೆತಾಯಿಯರಿಗೂ ಫೋನ್ ಮಾಡಿ ಹೇಳಿ. ಆ ಮಾತು ಕಷ್ಟ, ಆದರೂ ಮಾಡಿ.

ಮೈಗೆ ಮೈ ಹಚ್ಚಿ ಆಡುವ ಆಸೆ ಅವನಲ್ಲಿದ್ದರೆ ಅದಕ್ಕೂ ದಾರಿಯಿದೆ. ಇಲ್ಲಿನ ಶಾಲೆಗಳಲ್ಲಿ ಕಲಿಸುವ ಕುಸ್ತಿಯಲ್ಲಿ ಎದುರಾಳಿಯನ್ನು ಎತ್ತಿದರೆ ಸುರಕ್ಷಿತವಾಗಿ ನೆಲಕ್ಕೆ ಇಳಿಸುವ ಹೊಣೆ ಎತ್ತಿದವನದೇ, ಎತ್ತಿ ಕುಕ್ಕಿದರೆ ದಂಡ. ಜೂಡೋ ತರಗತಿಗೆ ಹಾಕಿದರೆ ಬೀಳುವುದನ್ನೇ ಮೊದಲು ಕಲಿಸುತ್ತಾರೆ. ಇವುಗಳಲ್ಲೂ ಪೆಟ್ಟಾಗುತ್ತದೆ. ಭುಜ, ಮೊಣಕಾಲು ಉಳುಕುತ್ತವೆ, ಚರ್ಮದ ಸೋಂಕು ಹರಡುತ್ತದೆ. ಆದರೆ ನೋಡುವವರು, ನಿಲ್ಲಿಸುವವರು ಇರುತ್ತಾರೆ. ಮೊಣಕೈ ವಾಸಿಯಾಗುವವರೆಗೆ ಇದೂ ಬೇಡ.

ನಿಮ್ಮ ತಂದೆ ಹೇಳಿದ್ದು ಸರಿ. ಗರಡಿಯ ಕುಸ್ತಿ ಬೇರೆ, ಇದು ಬೇರೆ. ಅಲ್ಲಿ ಹದ ಮಾಡಿದ ಮಣ್ಣು, ಉಸ್ತಾದರ ಕಣ್ಣು, ಬೆನ್ನು ಮಣ್ಣಿಗೆ ಮುಟ್ಟಿಸಿದರೆ ಮುಗಿಯಿತು. ಇದು ಬಯಲಾಟಕ್ಕೆ ಹತ್ತಿರ. ಭೀಮ ಗೆಲ್ಲುತ್ತಾನೆ ಅಂತ ಗೊತ್ತಿದ್ದೂ ನಾವು ಬೆಳತನಕ ಕೂರುತ್ತೇವೆ, ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಅಜ್ಜನಿಗೆ ಒಂದು ಕೆಲಸ ಕೊಡಿ. ಮೊಮ್ಮಗನಿಗೆ ಗರಡಿಯ ಕಥೆ ಹೇಳಲಿ. ಎದುರಾಳಿಯ ಮೈಯನ್ನು ಗೌರವಿಸುವುದನ್ನು ಅವರಿಗಿಂತ ಚೆನ್ನಾಗಿ ನಾನು ಹೇಳಲಾರೆ.

ಬೇಸ್‌ಬಾಲ್ ಮಾತ್ರ ನಿಜ ಅನ್ನುವ ನಿಮ್ಮ ಅಭಿಪ್ರಾಯದ ಬಗ್ಗೆ ಒಂದೇ ಮಾತು. 1919ರ ವರ್ಲ್ಡ್ ಸೀರೀಸ್ (ವರ್ಷದ ಫೈನಲ್) ಹಣಕ್ಕೆ ಮಾರಿಕೊಂಡರೆಂದು ಎಂಟು ಆಟಗಾರರನ್ನು ಹೊರಹಾಕಿದ್ದು ಇದೇ ಆಟ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಕ್ಯಾಮೆರಾದಲ್ಲಿ ಕ್ಯಾಚರ್‌ನ ಸನ್ನೆ ಕದ್ದು, ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ತಿಳಿಸಿದ್ದೂ ಇದೇ ಆಟ. ಆದರೂ ನಾನೂ ನೀವೂ ಇದನ್ನು ಪ್ರೀತಿಸುತ್ತೇವೆ. ಎರಡನ್ನೂ ಪ್ರೀತಿಸುವ ನಿಮ್ಮ ಮಗನಲ್ಲೂ ತಪ್ಪೇನಿಲ್ಲ. ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ) ಅನ್ನುವ ಜಾವೆಲಿನ್ ಎಸೆಯುವ ಹುಡುಗ 2008ರಲ್ಲಿ ಬೇಸ್‌ಬಾಲ್ ಎಸೆತದ ಟಿವಿ ಸ್ಪರ್ಧೆಯೊಂದರಲ್ಲಿ ಗೆದ್ದು, ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಜೊತೆ ಸಹಿ ಹಾಕಿದ. ಗಾಯಗಳು ಅವನನ್ನು ಮೈದಾನದಿಂದ ದೂರ ಮಾಡಿದವು. 2018ರಲ್ಲಿ ಡಬ್ಲ್ಯುಡಬ್ಲ್ಯುಇ ಸೇರಿ, ಮುಂದೆ ವೀರ್ ಮಹಾನ್ ಅಂತ ರಿಂಗ್‌ಗೆ ಇಳಿದ. ನಿಮ್ಮ ಮಗನಿಗೆ ಈ ಕಥೆ ಇಷ್ಟವಾಗಬಹುದು.

ಕೊನೆಗೆ ಎಡಗೈ ಪ್ರಶ್ನೆ. ಇದನ್ನು ಕೇಳಿದ್ದಕ್ಕೆ ಅವನ ಮೇಲೆ ನನಗೆ ಪ್ರೀತಿ ಬಂತು. ಅವನಿಗಿಂತ ಮುಂಚೆ ಇದನ್ನು ಮಾಡಿದವರು ಇದ್ದಾರೆ. ನೀವು ಟ್ರಂಪ್ ಕಾರ್ಡಿನಲ್ಲಿ ಕಂಡ ರ‍್ಯಾಂಡಿ ಸ್ಯಾವೇಜ್ ರೆಸ್ಲಿಂಗ್‌ಗೆ ಬರುವ ಮುಂಚೆ, 1970ರ ದಶಕದ ಮೊದಲಲ್ಲಿ, ಮೈನರ್ ಲೀಗ್ (ಮೇಜರ್ ಲೀಗ್‌ಗಿಂತ ಕೆಳಹಂತದ) ಬೇಸ್‌ಬಾಲ್ ಆಡುತ್ತಿದ್ದ. ಬಲ ಭುಜಕ್ಕೆ ಪೆಟ್ಟಾದಾಗ ಎಡಗೈಯಲ್ಲಿ ಎಸೆಯುವುದನ್ನು ಕಲಿತ. ಡಾಕ್ಟರು ಒಪ್ಪಿದರೆ ನಿಮ್ಮ ಮಗನೂ ಎಸೆಯಲಿ. ಹತ್ತಿರದಿಂದ, ಮೆಲ್ಲಗೆ, ದಿನಕ್ಕೆ ಇಪ್ಪತ್ತು ಮೀರದೆ, ಪಿಚಿಂಗ್ ಅಲ್ಲ, ಬರೀ ಕ್ಯಾಚ್. ಎಡ ಮೊಣಕೈಯಲ್ಲೂ ಅದೇ ಹಸಿ ಪದರ ಇದೆ, ಅದಕ್ಕೆ ಇನ್ನೂ ಅಭ್ಯಾಸವೇ ಇಲ್ಲ. ಫ್ರಿಜ್ ಮೇಲಿನ ಹಾಳೆಯಲ್ಲಿ ಎಡಗೈಗೂ ಒಂದು ಕಾಲಂ ಹಾಕಿ. ಅದನ್ನು ಅವನ ಕೈಯಿಂದಲೇ ಬರೆಸಿ.